ಕಿವಿ ಮೆಷಿನ್ನಿನ ಮಳೆಗಾಲ

ಜೂನ್ ಎರಡನೇ ವಾರದ ಹೊತ್ತಿಗೆ ಪರ್ಕಳದ ಅಡುಗೆಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ. ಮರಿಗೆಯ ಕಲ್ಲುಪ್ಪಿನ ಅಡಿಯಲ್ಲಿ ನೀರು ನಿಲ್ಲುತ್ತದೆ, ಡಬ್ಬಿಯ ಪುಡಿಯುಪ್ಪು ಚಮಚಕ್ಕೆ ಅಂಟಿಕೊಳ್ಳುತ್ತದೆ. ಮಾಡು ಸೋರಿ ಆದದ್ದೇನಲ್ಲ. ಸೋಡಿಯಂ ಕ್ಲೋರೈಡಿಗೆ ಒಂದು ಗಡಿ ಇದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಿತೋ, ಅದು ಗಾಳಿಯಲ್ಲಿರುವ ನೀರಾವಿಯನ್ನೇ ಎಳೆದುಕೊಂಡು ಅದರಲ್ಲಿ ಕರಗತೊಡಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಈ ಗಡಿಯಿಂದ ಕೆಳಗಿಳಿಯುವುದೇ ಅಪರೂಪ. ಜುಲೈಯಲ್ಲಂತೂ ಶೇ. 90ರ ಆಸುಪಾಸು.

ಅದೇ ಉಪ್ಪು ನಮ್ಮ ಬೆವರಿನಲ್ಲೂ ಇದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕಿವಿಯ ಹಿಂದೆ ಹರಿದ ಬೆವರು ಅಲ್ಲೇ ಕೂತಿರುವ ಶ್ರವಣ ಸಾಧನದ ಬ್ಯಾಟರಿ ಬಾಗಿಲಿನ ಸಂದಿಗೆ ಇಳಿದು ಒಣಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ಮಳೆ ಹಿಡಿದ ಮೇಲೆ ಆ ಪದರ ಗಾಳಿಯಿಂದ ನೀರೆಳೆದು ಮತ್ತೆ ಉಪ್ಪುನೀರಾಗುತ್ತದೆ. ಉಪ್ಪುನೀರಿನ ಮೂಲಕ ವಿದ್ಯುತ್ ಹರಿಯುತ್ತದೆ. ಎರಡು ಲೋಹದ ತುಣುಕು, ನಡುವೆ ಉಪ್ಪುನೀರು, ಪಕ್ಕದಲ್ಲೇ ಬ್ಯಾಟರಿ; ಲೋಹ ತಿಂದುಹೋಗುವುದಕ್ಕೆ ಇನ್ನೇನು ಬೇಕು? ಒಂದು ಹನಿ ಮಳೆಗೂ ನೆನೆಯದೆ, ಕೊಡೆ ಹಿಡಿದೇ ಪೇಟೆಗೆ ಹೋಗಿ ಬಂದವರ ಮೆಷಿನ್ನೂ ಜುಲೈ ಕೊನೆಗೆ ಸದ್ದು ನಿಲ್ಲಿಸುವುದು ಹೀಗೆ.

ಕರಾವಳಿಯಲ್ಲಿ ‘ಹಾಳಾಯಿತು’ ಎಂದು ಕಪಾಟಿನ ಡ್ರಾಯರ್ ಸೇರಿದ ಹಿಯರಿಂಗ್ ಏಡುಗಳಲ್ಲಿ ಎಷ್ಟೋ ಹಾಳಾಗಿಯೇ ಇರುವುದಿಲ್ಲ. ಒದ್ದೆಯಾಗಿರುತ್ತವೆ, ಇಲ್ಲವೆ ಗುಗ್ಗೆ ಕಟ್ಟಿಕೊಂಡಿರುತ್ತವೆ. ಅವಕ್ಕೆ ಬೇಕಾದದ್ದು ಹೊಸ ಚಿಪ್ ಅಲ್ಲ, ರಾತ್ರಿ ಮಲಗಲು ಒಂದು ಒಣ ಡಬ್ಬಿ. ಜೊತೆಗೆ, ಕಿವಿ ಚೆನ್ನಾಗಿ ಕೇಳುವ ಇನ್ನೊಬ್ಬರ ಎರಡು ನಿಮಿಷ. ಈ ಎರಡನೆಯದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಅದರ ಬಗ್ಗೆ ಮುಂದೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಪರ್ಕಳದವರಿಗೆ ಒಂದು ಅನುಕೂಲ ಉಂಟು. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಊರ ನಡುವೆಯೇ ಹಾದುಹೋಗುತ್ತದೆ. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಒಂದೆರಡು ಸ್ಟಾಪ್ ಹೋದರೆ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಆ ಗುಡ್ಡದ ಮೇಲೆ ಈಗ ವಾಕ್ ಮತ್ತು ಶ್ರವಣ ವಿಷಯಕ್ಕೇ ಮೀಸಲಾದ ವಿಭಾಗ ಇದೆ, ಆಡಿಯಾಲಜಿ ಓದುವ ಮಕ್ಕಳಿದ್ದಾರೆ. ರಾಜ್ಯದ ಮಟ್ಟಿಗೆ ಹೇಳುವುದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದ ನಡುವೆ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ತವರುಮನೆ. ಅಂದರೆ ಪರೀಕ್ಷೆ ಮಾಡುವವರಿಗೆ, ಮೆಷಿನ್ ಹೊಂದಿಸಿ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಮೆಷಿನ್ ಕ್ಲಿನಿಕ್ಕಿನಲ್ಲಿ ಇರುವುದು ವರ್ಷಕ್ಕೆ ಒಂದೋ ಎರಡೋ ಗಂಟೆ. ಉಳಿದ ಕಾಲ ಅದರ ಬದುಕು ಮನೆಯಲ್ಲಿ. ಹೀಗೊಂದು ಮಾತುಕತೆ ಕರಾವಳಿಯ ಯಾವ ಕ್ಲಿನಿಕ್ಕಿನಲ್ಲಾದರೂ ನಡೆಯುವಂಥದ್ದು:

“ಅಜ್ಜ, ರಾತ್ರಿ ಇದನ್ನು ಎಲ್ಲಿ ಇಡ್ತೀರಿ?”

“ಕಿಟಕಿ ದಂಡೆಯಲ್ಲಿ.”

“ಡಬ್ಬಿ ಕೊಟ್ಟಿದ್ದೆವಲ್ಲ?”

“ಅದು ಉಂಟು. ಚಂದದ ಡಬ್ಬಿ. ಕಪಾಟಿನಲ್ಲಿ ಜಾಗ್ರತೆ ಮಾಡಿ ಇಟ್ಟಿದ್ದೇವೆ.”

ಮೆಷಿನ್ನಿನ ಒಳಗಿರುವುದು ಇಷ್ಟೇ: ಸದ್ದು ಹಿಡಿಯುವ ಮೈಕ್, ಅದನ್ನು ಬೇಕಾದ ಆವರ್ತನದಲ್ಲಿ ಬೇಕಾದಷ್ಟು ಹಿಗ್ಗಿಸುವ ಚಿಪ್, ಹಿಗ್ಗಿಸಿದ್ದನ್ನು ಮತ್ತೆ ಸದ್ದಾಗಿಸುವ ಪುಟಾಣಿ ಸ್ಪೀಕರ್. ಈ ಸ್ಪೀಕರಿಗೆ ಆ ವೃತ್ತಿಯವರು ‘ರಿಸೀವರ್’ ಎನ್ನುತ್ತಾರೆ. ಕಿವಿಯ ಹಿಂದೆ ಕೂರುವ ಮಾದರಿಯಲ್ಲಿ ಸದ್ದು ಒಂದು ಪಾರದರ್ಶಕ ಟ್ಯೂಬಿನಲ್ಲಿ ಹಾದು, ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡಿನ ಮೂಲಕ ಒಳಗೆ ಹೋಗುತ್ತದೆ. ಹೊಸ ಮಾದರಿಗಳಲ್ಲಿ ರಿಸೀವರೇ ತೆಳು ತಂತಿಯ ತುದಿಯಲ್ಲಿ ಕಿವಿಯೊಳಗೆ ಕೂರುತ್ತದೆ. ಚಿಪ್ ಕೆಡುವುದು ಕಡಿಮೆ. ತೊಂದರೆ ಬರುವುದೆಲ್ಲ ಮೆಷಿನ್ ಹೊರಜಗತ್ತಿಗೆ ಬಾಯಿ ತೆರೆದ ಕಡೆಗಳಲ್ಲಿ: ಮೈಕಿನ ರಂಧ್ರ, ರಿಸೀವರಿನ ತುದಿ, ಬ್ಯಾಟರಿಯ ಬಾಗಿಲು.

ಬ್ಯಾಟರಿಯಿಂದ ಶುರುಮಾಡೋಣ, ಏಕೆಂದರೆ ಅದರಷ್ಟು ವಿಚಿತ್ರವಾದ ವಸ್ತು ಮನೆಯಲ್ಲಿ ಬೇರೊಂದಿಲ್ಲ. ಗುಂಡಿಯಂಥ ಈ ಸೆಲ್ ಉಸಿರಾಡುತ್ತದೆ. ಇದು ಸತು-ಗಾಳಿ ಸೆಲ್. ಒಳಗೆ ಸತುವಿನ ಪುಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ. ಇನ್ನೊಂದು ಪಾಲಿನ ಇಂಧನ ಒಳಗಿಲ್ಲವೇ ಇಲ್ಲ. ಅದು ಹೊರಗಿನ ಆಮ್ಲಜನಕ. ಸೆಲ್ಲಿನ ಚಪ್ಪಟೆ ಬೆನ್ನಿನಲ್ಲಿ ಸೂಜಿಮೊನೆಯಷ್ಟು ತೂತುಗಳಿವೆ, ಅವುಗಳ ಮೇಲೆ ಬಣ್ಣದ ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತೊಡನೆ ಗಾಳಿ ಒಳಹೋಗುತ್ತದೆ, ಸತು ಆಮ್ಲಜನಕದೊಂದಿಗೆ ಸೇರಿ ಸತುವಿನ ಆಕ್ಸೈಡ್ ಆಗುತ್ತದೆ, ಸುಮಾರು 1.4 ವೋಲ್ಟ್ ಹುಟ್ಟುತ್ತದೆ. ಆಮ್ಲಜನಕವನ್ನು ಡಬ್ಬಿಯೊಳಗೆ ತುಂಬುವ ಅಗತ್ಯ ಇಲ್ಲದ್ದರಿಂದ ಜಾಗವೆಲ್ಲ ಸತುವಿಗೇ ಸಿಗುತ್ತದೆ. ಇಷ್ಟು ಸಣ್ಣ ಗುಂಡಿ ಒಂದು ವಾರ, ಎರಡು ವಾರ ಬಾಳುವ ಗುಟ್ಟು ಅದೇ. ಗಾತ್ರಗಳಿಗೆ ಬಣ್ಣದ ಗುರುತು ಲೋಕಕ್ಕೆಲ್ಲ ಒಂದೇ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಮೆಡಿಕಲ್ ಶಾಪಿನಲ್ಲಿ ನಂಬರ್ ನೆನಪಾಗದಿದ್ದರೆ ಬಣ್ಣ ಹೇಳಿದರೂ ಸಾಕು.

ಈಗ ಮೂರು ತಪ್ಪುಗಳನ್ನು ಲೆಕ್ಕ ಹಾಕಬಹುದು. ಸ್ಟಿಕ್ಕರ್ ಕಿತ್ತು ಆ ಕ್ಷಣವೇ ಬಾಗಿಲು ಮುಚ್ಚಿದರೆ ಸೆಲ್ಲಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುವುದಿಲ್ಲ. ಕನಿಷ್ಠ ಒಂದು ನಿಮಿಷ, ಐದು ನಿಮಿಷವಾದರೆ ಇನ್ನೂ ಒಳ್ಳೆಯದು, ಅಂಗೈಯಲ್ಲಿಟ್ಟು ಕಾಯಬೇಕು. ಎರಡನೆಯದು, ರಾತ್ರಿ ಸ್ಟಿಕ್ಕರನ್ನು ಮತ್ತೆ ಅಂಟಿಸಿ ಉಳಿತಾಯ ಮಾಡಲು ಹೊರಡುವುದು. ಒಮ್ಮೆ ಶುರುವಾದ ಕ್ರಿಯೆ ಅದರಿಂದ ನಿಲ್ಲದು, ಅಂಟು ಮಾತ್ರ ತೂತಿಗೆ ಮೆತ್ತಿಕೊಳ್ಳುತ್ತದೆ. ಮೂರನೆಯದು ಫ್ರಿಜ್ಜು. ತಂಪಿನಲ್ಲಿಟ್ಟರೆ ಬಾಳಿಕೆ ಹೆಚ್ಚು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಫ್ರಿಜ್ಜಿನಿಂದ ಹೊರತೆಗೆದ ಲೋಹದ ಮೇಲೆ ಜುಲೈ ತಿಂಗಳ ಗಾಳಿ ಕೂಡಲೇ ಬೆವರುತ್ತದೆ, ಆ ನೀರು ತೂತಿನ ಹತ್ತಿರವೇ ಕೂರುತ್ತದೆ.

ತೇವ ಈ ಸೆಲ್ಲಿಗೆ ಇನ್ನೊಂದು ಬಗೆಯಲ್ಲೂ ವೈರಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ನೀರಿನ ಆಸೆಬುರುಕ. ಗಾಳಿ ಒಣಗಿದ್ದರೆ ದ್ರಾವಣ ತೂತಿನ ಮೂಲಕ ಆವಿಯಾಗಿ ಸೆಲ್ ಬತ್ತುತ್ತದೆ; ಗಾಳಿ ಒದ್ದೆಯಾಗಿದ್ದರೆ ನೀರು ಒಳಗೆ ತುಂಬಿ ಸೆಲ್ ಉಬ್ಬುತ್ತದೆ. ಮಳೆಗಾಲದಲ್ಲಿ ಪೊಟ್ಟಣದ ಮೇಲೆ ಬರೆದಷ್ಟು ದಿನ ಬ್ಯಾಟರಿ ಬಾಳಲಿಲ್ಲವೆಂದು ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ಇದನ್ನು ನೆನೆಯಬೇಕು. ಅಲ್ಲಿ ಬರೆದದ್ದು ಪ್ರಯೋಗಾಲಯದ ಹಿತವಾದ ಹವೆಯ ಲೆಕ್ಕ. ಹಳೆಯ ಸೆಲ್ಲಿನ ಮೇಲೆ ಬಿಳಿ ಹುಡಿ ಕಂಡರೆ ಅದು ಸೋರಿದ ದ್ರಾವಣವು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಆದ ಪೊಟ್ಯಾಸಿಯಂ ಕಾರ್ಬೊನೇಟ್. ಅಂಥ ಸೆಲ್ಲನ್ನು ಕೂಡಲೇ ತೆಗೆಯಬೇಕು, ಬೆರಳನ್ನು ತೊಳೆಯಬೇಕು. ಕಂಟ್ಯಾಕ್ಟಿನ ಮೇಲೆ ಹಸಿರು ಕಂಡರೆ ತಾಮ್ರ ತಿಂದುಹೋಗಲು ಶುರುವಾಗಿದೆ ಎಂದರ್ಥ. ಅದನ್ನು ಮನೆಯಲ್ಲಿ ಪಿನ್ನಿನಿಂದ ಕೆರೆಯದೆ ಆಡಿಯಾಲಜಿಸ್ಟರಿಗೆ ತೋರಿಸುವುದು ಕ್ಷೇಮ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಗುಂಡಿ ನೋಡಲು ಮಾತ್ರೆಯ ಹಾಗೇ ಇರುತ್ತದೆ. ಕಣ್ಣು ಮಂಜಾದ ಹಿರಿಯರು ಬಿಪಿ ಮಾತ್ರೆಯೆಂದು ಬ್ಯಾಟರಿ ನುಂಗಿದ ಪ್ರಕರಣಗಳು ವೈದ್ಯಲೋಕಕ್ಕೆ ಹೊಸತಲ್ಲ. ಮೊಮ್ಮಕ್ಕಳಿರುವ ಮನೆಯಲ್ಲಿ ಅಪಾಯ ಇನ್ನೂ ಹೆಚ್ಚು. ಮಾತ್ರೆಯ ಡಬ್ಬಿಯ ಪಕ್ಕ ಬ್ಯಾಟರಿ ಇಡಬೇಡಿ. ಮಗು ನುಂಗಿತೆಂಬ ಅನುಮಾನ ಬಂದರೂ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಟ್ಯೂಬಿನ ಕತೆ ಬೇರೆ. ಮಣಿಪಾಲದ ಯಾವುದೋ ಎಸಿ ಕೋಣೆಯಲ್ಲಿ ಅರ್ಧ ಗಂಟೆ ಕೂತವರು ಇದ್ದಕ್ಕಿದ್ದಂತೆ “ಎಂತ? ಎಂತ ಹೇಳಿದ್ದು?” ಎನ್ನತೊಡಗುತ್ತಾರೆ. ಬ್ಯಾಟರಿ ಹೊಸತು, ಮೆಷಿನ್ ಆನ್ ಇದೆ, ಆದರೂ ಸದ್ದಿಲ್ಲ. ಕಿವಿಯೊಳಗಿನ ಗಾಳಿ ಮೈಯಷ್ಟೇ ಬಿಸಿ, ತೇವದಿಂದ ತುಂಬಿದ್ದು. ಅದು ಮೋಲ್ಡಿನ ರಂಧ್ರದಿಂದ ಟ್ಯೂಬಿಗೆ ಏರುತ್ತದೆ. ಟ್ಯೂಬಿನ ಹೊರಗೆ 22 ಡಿಗ್ರಿ ತಂಪು. ತಣ್ಣಗಿನ ಗೋಡೆಗೆ ತಾಗಿದ ನೀರಾವಿ ಹನಿಯಾಗುತ್ತದೆ, ಎರಡು ಹನಿ ಸೇರಿ ಟ್ಯೂಬಿಗೆ ಅಡ್ಡಲಾಗಿ ಒಂದು ನೀರಿನ ಬಿರಡೆ ನಿಲ್ಲುತ್ತದೆ. ಸದ್ದು ಗಾಳಿಯಲ್ಲಿ ಸಾಗುವ ಕಂಪನ. ನೀರಿನ ಆ ಬಿರಡೆಗೆ ಬಡಿದಾಗ ಅದರ ಬಹುಪಾಲು ಹಿಂದಕ್ಕೆ ಮರಳುತ್ತದೆ. ಮಳೆಯ ಸಂಜೆ ಸ್ಕೂಟರಿನಲ್ಲಿ ಹೋಗುವಾಗಲೂ ಇದೇ ಆಗುತ್ತದೆ, ಗಾಳಿ ಬಡಿದು ಟ್ಯೂಬ್ ತಣಿಯುವುದರಿಂದ.

ಇದಕ್ಕೆ ಪರಿಹಾರ ಒಂದು ರಬ್ಬರಿನ ಗಾಳಿಬುರುಡೆ. ಮೋಲ್ಡನ್ನು ಟ್ಯೂಬಿನ ಸಮೇತ ಮೆಷಿನ್ನಿನಿಂದ ಬಿಡಿಸಿ, ಬುರುಡೆಯ ಮೂತಿಯನ್ನು ಟ್ಯೂಬಿನ ತುದಿಗಿಟ್ಟು ಒಮ್ಮೆ ಒತ್ತಿದರೆ ಹನಿ ಹೊರಗೆ ಹಾರುತ್ತದೆ. ಬಾಯಿಂದ ಊದಬಾರದು, ನಮ್ಮ ಉಸಿರಿನಲ್ಲೂ ಬಿಸಿ ನೀರಾವಿಯೇ ಇರುವುದು. ಮೆಷಿನ್ನಿಗೆ ಜೋಡಿಸಿಕೊಂಡೇ ಒತ್ತಲೂಬಾರದು, ಹನಿ ರಿಸೀವರಿನೊಳಕ್ಕೆ ಹೋಗಿ ಕೂರುತ್ತದೆ. ಟ್ಯೂಬಿಗೂ ಆಯುಸ್ಸು ಇದೆ. ಅದು ಪಿವಿಸಿ. ಅದನ್ನು ಮೆದುವಾಗಿ ಇಡುವ ರಾಸಾಯನಿಕ ನಿಧಾನ ಹೊರಗೆ ಹೋಗುತ್ತ, ಟ್ಯೂಬ್ ಹಳದಿಯಾಗಿ ಬಿರುಸಾಗುತ್ತದೆ, ಕುಗ್ಗಿ ಮೋಲ್ಡನ್ನು ಎಳೆಯತೊಡಗುತ್ತದೆ. ಮೋಲ್ಡ್ ಸಡಿಲವಾದರೆ ಒಳಗಿನ ಸದ್ದು ಸೋರಿ ಮೈಕಿಗೆ ಮರಳಿ, ಮತ್ತೆ ಹಿಗ್ಗಿ, ಮತ್ತೆ ಸೋರಿ ಕೊನೆಗೆ ಸೀಟಿಯಾಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಟ್ಯೂಬ್ ಬದಲಿಸುವುದು ವಾಡಿಕೆ, ಖರ್ಚೂ ದೊಡ್ಡದಲ್ಲ. ಸೀಟಿ ಹೊಡೆಯುವ ಮೆಷಿನ್ ಎಂದರೆ ನಾಯಿಗಳಿಗೂ ಆಕರ್ಷಣೆ. ಗುಗ್ಗೆಯ ವಾಸನೆ ಬೇರೆ. ಹಾಸಿಗೆಯ ಪಕ್ಕ ಬಿಟ್ಟು ಮಲಗಿದ ಮೆಷಿನ್ ಬೆಳಗ್ಗೆ ನಾಯಿಯ ಬಾಯಲ್ಲಿ ಸಿಕ್ಕಿದ ಕತೆಗಳು ಆಡಿಯಾಲಜಿಸ್ಟರ ಹತ್ತಿರ ಬೇಕಾದಷ್ಟಿವೆ.

ಒಣಗಿಸುವ ವಿಚಾರಕ್ಕೆ ಬಂದರೆ ಕರಾವಳಿಯಲ್ಲಿ ಎಲ್ಲರೂ ಪಂಡಿತರು. ಒದ್ದೆಯಾದ ಮೊಬೈಲಿಗೆ ಅಕ್ಕಿ ಡಬ್ಬಿ, ಅದೇ ಮದ್ದು ಮೆಷಿನ್ನಿಗೂ. ಆದರೆ ಜುಲೈ ತಿಂಗಳ ಅಕ್ಕಿ ತಾನೇ ತೇವ ಹಿಡಿದು ಕೂತಿರುತ್ತದೆ, ಅದಕ್ಕೆ ಇನ್ನೊಬ್ಬರ ನೀರು ಹೀರುವ ಹಸಿವು ಎಲ್ಲಿಂದ ಬರಬೇಕು? ಕುಚ್ಚಲಕ್ಕಿಯಾಗಲಿ ಬೆಳ್ತಿಗೆಯಾಗಲಿ, ಅದರ ಹುಡಿ ಮೈಕಿನ ರಂಧ್ರಕ್ಕೆ ಹೋಗಿ ಕೂರುವುದೊಂದೇ ಲಾಭ. ಒಲೆಯ ಮೇಲಿನ ಅಟ್ಟ, ಅಂಗಳದ ಬಿಸಿಲು, ತಲೆ ಒಣಗಿಸುವ ಡ್ರೈಯರ್ ಇವುಗಳಲ್ಲಿ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಒಳಗಿನ ಅಂಟು ಬಿಡುತ್ತದೆ.

ಕೆಲಸಕ್ಕೆ ಬರುವುದು ಸಿಲಿಕಾ ಜೆಲ್. ಹೆಸರು ಜೆಲ್, ನೋಡಲು ಒಣ ಹರಳು. ಸಿಲಿಕಾನ್ ಡೈಆಕ್ಸೈಡಿನ ಈ ಹರಳಿನೊಳಗೆ ಎಷ್ಟು ಸೂಕ್ಷ್ಮ ರಂಧ್ರಗಳಿವೆಯೆಂದರೆ, ಒಂದು ಗ್ರಾಂ ಹರಳಿನ ಒಳಮೈಯನ್ನೆಲ್ಲ ಹರಡಿದರೆ ನೂರಾರು ಚದರ ಮೀಟರ್ ಆಗುತ್ತದೆ. ಆ ಮೈಗೆ ನೀರಿನ ಅಣುಗಳು ಅಂಟಿ ನಿಲ್ಲುತ್ತವೆ. ಹರಳು ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಬಣ್ಣ ಬೆರೆಸಿರುತ್ತಾರೆ: ನೀಲಿಯದ್ದು ನೀರು ಕುಡಿದಾಗ ಗುಲಾಬಿಯಾಗುತ್ತದೆ, ಕಿತ್ತಳೆಯದ್ದು ಹಸಿರಾಗುತ್ತದೆ ಅಥವಾ ಬಣ್ಣ ಕಳೆದುಕೊಳ್ಳುತ್ತದೆ. ನಮ್ಮ ಮನೆಗಳ ದೊಡ್ಡ ತಪ್ಪು ಇಲ್ಲಿದೆ. ಚಪ್ಪಲಿ ಡಬ್ಬಿಯಲ್ಲೋ ಮಾತ್ರೆ ಬಾಟಲಿಯಲ್ಲೋ ಸಿಕ್ಕಿದ ಪೊಟ್ಟಣವನ್ನು ಎತ್ತಿಟ್ಟು ಬಳಸುತ್ತೇವೆ. ಅದು ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಇಲ್ಲವೇ ಒಳ್ಳೆಯ ಜೆಲ್ ತಂದು ಸಡಿಲ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇವೆ. ಅದು ಇಡೀ ಪರ್ಕಳದ ಗಾಳಿ ಒಣಗಿಸಲು ಹೊರಟು ಎರಡೇ ದಿನದಲ್ಲಿ ಸೋಲುತ್ತದೆ. ರಬ್ಬರ್ ಪಟ್ಟಿಯ ಬಿಗಿ ಮುಚ್ಚಳ ಇರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಬೇಕು. ಬಣ್ಣ ತಿರುಗಿದ ಹರಳನ್ನು ಸುಮಾರು 120 ಡಿಗ್ರಿಯ ಕಾವಿನಲ್ಲಿ ಇಟ್ಟರೆ ಮತ್ತೆ ಹಳೆಯ ಬಣ್ಣಕ್ಕೆ ಬರುತ್ತದೆ. ನೀಲಿ ಹರಳಿನಲ್ಲಿರುವುದು ಕೋಬಾಲ್ಟ್ ಕ್ಲೋರೈಡ್, ವಿಷ. ಅದನ್ನು ಅಡುಗೆಯ ಬಾಣಲೆಯಲ್ಲಿ ಕಾಯಿಸಲೇಬಾರದು. ಸಾಧ್ಯವಾದರೆ ಕಿತ್ತಳೆಯದ್ದನ್ನೇ ತನ್ನಿ.

ಡಬ್ಬಿಗೆ ಇಡುವ ಮೊದಲು ಸತು-ಗಾಳಿ ಸೆಲ್ಲನ್ನು ತೆಗೆದು ಹೊರಗಿಡಬೇಕು. ಇಲ್ಲದಿದ್ದರೆ ಜೆಲ್ ಅದರ ದ್ರಾವಣವನ್ನೂ ಹೀರುತ್ತದೆ. ಬಾಗಿಲು ತೆರೆದೇ ಇರಲಿ; ಒಳಗಿನ ತೇವ ಹೊರಬರಲು ದಾರಿ ಬೇಕಲ್ಲ.

ಕರಾವಳಿಯ ತಲೆಯ ಬಗ್ಗೆ ಒಂದೆರಡು ಮಾತು. ನಮ್ಮ ಹಿರಿಯರಿಗೆ ತಲೆಗೆ ತೆಂಗಿನೆಣ್ಣೆ ಇಲ್ಲದ ದಿನವಿಲ್ಲ. ಕಿವಿಯ ಹಿಂದಿನ ಮೆಷಿನ್ನಿನ ಬೆನ್ನಿನಲ್ಲಿ ಸಾಮಾನ್ಯವಾಗಿ ಎರಡು ಮೈಕ್ ರಂಧ್ರಗಳಿರುತ್ತವೆ, ಒಂದು ಮುಂದೆ, ಒಂದು ಹಿಂದೆ. ಎರಡಕ್ಕೂ ಸದ್ದು ತಲುಪುವ ಸಮಯದ ಕೂದಲೆಳೆಯ ವ್ಯತ್ಯಾಸದಿಂದ ಚಿಪ್ ಮಾತು ಯಾವ ದಿಕ್ಕಿನಿಂದ ಬಂತೆಂದು ಲೆಕ್ಕ ಹಾಕಿ, ಎದುರಿನವರ ಮಾತನ್ನು ಎತ್ತಿ ಹಿಂದಿನ ಗದ್ದಲವನ್ನು ತಗ್ಗಿಸುತ್ತದೆ. ಎಣ್ಣೆ ಮತ್ತು ಧೂಳು ಸೇರಿ ಒಂದು ರಂಧ್ರ ಅರ್ಧ ಮುಚ್ಚಿದರೂ ಆ ಲೆಕ್ಕ ತಪ್ಪುತ್ತದೆ. ಮೆಷಿನ್ ನಡೆಯುತ್ತಲೇ ಇರುತ್ತದೆ, ಮದುವೆ ಮನೆಯಲ್ಲಿ ಮಾತ್ರ ಏನೂ ತಿಳಿಯುವುದಿಲ್ಲ. ಹೆಂಗಸರಿಗೆ ಇದರ ಮೇಲೆ ಶಂಕರಪುರ ಮಲ್ಲಿಗೆ. ಬಾಡದಿರಲೆಂದು ನೀರು ಚಿಮುಕಿಸಿದ ಚೆಂಡು ಕಿವಿಯ ಪಕ್ಕಕ್ಕೇ ಬರುತ್ತದೆ. ತೋಟದ ಕೆಲಸದವರಿಗೆ ಅಡಿಕೆ ಹಾಳೆಯ ಮುಟ್ಟಾಳೆ. ಅದರ ಅಂಚು ಮೈಕಿಗೆ ಉಜ್ಜಿ ಗರಗರ ಸದ್ದು, ಒಳಗೆ ಬೆವರು. ಎಣ್ಣೆ, ಮಲ್ಲಿಗೆ, ಮುಟ್ಟಾಳೆ ಬಿಡಿ ಎಂದು ಯಾರೂ ಹೇಳಲಾರರು, ಹೇಳಲೂಬಾರದು. ಎಣ್ಣೆ ಹಚ್ಚಿ ಕೈ ತೊಳೆದು ಒರೆಸಿದ ಮೇಲೆ ಮೆಷಿನ್ ಹಾಕಿ, ತೋಟದಿಂದ ಬಂದೊಡನೆ ತೆಗೆದು ಒಣ ಹತ್ತಿಬಟ್ಟೆಯಿಂದ ಒರೆಸಿ, ಅಷ್ಟೇ. ರಂಧ್ರಕ್ಕೆ ಮೆಷಿನ್ನಿನ ಜೊತೆ ಬಂದ ಸಣ್ಣ ಬ್ರಷ್ ಸಾಕು. ಬ್ರಷ್ ಆಡಿಸುವಾಗ ರಂಧ್ರ ಕೆಳಮುಖವಾಗಿರಲಿ, ಕೊಳೆ ಹೊರಗೆ ಬೀಳುವಂತೆ.

 

ಗುಗ್ಗೆ ಕೊಳೆಯಲ್ಲ, ಕಿವಿಯ ರಕ್ಷಣೆಗೆ ದೇಹವೇ ಮಾಡಿಕೊಂಡ ಮೇಣ. ಕಿವಿಯ ನಾಳದ ಚರ್ಮ ನಿಧಾನವಾಗಿ ಹೊರಕ್ಕೆ ಸರಿಯುತ್ತಲೇ ಇರುತ್ತದೆ, ಗುಗ್ಗೆಯನ್ನೂ ಹೊರಗೆ ತರುತ್ತದೆ. ಮೋಲ್ಡು ಈ ದಾರಿಗೆ ಅಡ್ಡ ಕೂರುತ್ತದೆ. ಗುಗ್ಗೆ ಅದರ ತೂತಿಗೆ ಹೋಗುತ್ತದೆ. ರಿಸೀವರ್ ಕಿವಿಯೊಳಗಿರುವ ಮಾದರಿಯಲ್ಲಿ ತುದಿಗೆ ಒಂದು ಬಿಳಿ ಜಾಲರಿ ಇರುತ್ತದೆ; ಅದನ್ನು ತೊಳೆದು ಮತ್ತೆ ಬಳಸುವಂತಿಲ್ಲ, ಹೊಸದನ್ನೇ ಹಾಕಬೇಕು. ‘ಮೆಷಿನ್ ಸತ್ತಿದೆ’ ಎಂದು ತಂದವರಿಗೆ ಆ ಜಾಲರಿ ಬದಲಿಸಿ ಒಂದೇ ನಿಮಿಷದಲ್ಲಿ ಮರಳಿಸುವುದು ಕ್ಲಿನಿಕ್ಕಿನವರ ನಿತ್ಯದ ಕೆಲಸ. ಮೋಲ್ಡನ್ನು ಮಾತ್ರ ಮೆಷಿನ್ನಿನಿಂದ ಬಿಡಿಸಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಬಹುದು. ಸ್ಪಿರಿಟ್ ಬೇಡ, ಅಕ್ರಿಲಿಕ್ ಮೋಲ್ಡಿನ ಮೈಯಲ್ಲಿ ಅದರಿಂದ ಸೂಕ್ಷ್ಮ ಬಿರುಕು ಏಳುತ್ತದೆ.

ಮಳೆಗಾಲದಲ್ಲಿ ಕಿವಿಯೊಳಗೆ ಬೂಸ್ಟು ಬೆಳೆಯುವುದೂ ನಮ್ಮ ಕಡೆ ಸಾಮಾನ್ಯ. ಗೋಡೆಯ ಮೇಲೆ, ಚಪ್ಪಲಿಯ ಮೇಲೆ ಬರುವ ಆಸ್ಪರ್ಜಿಲಸ್ ಕುಲದ ಶಿಲೀಂಧ್ರವೇ ಅಲ್ಲೂ. ಮುಚ್ಚಿದ, ಬೆಚ್ಚಗಿನ, ಒದ್ದೆ ಜಾಗ ಅದಕ್ಕೆ ಸ್ವರ್ಗ. ಅದರ ಮೇಲೆ ತುರಿಕೆಗೆಂದು ಬಿಸಿ ಎಣ್ಣೆ ಬಿಟ್ಟರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ತುರಿಕೆ, ನೋವು, ವಾಸನೆ ಬಂದರೆ ಮೆಷಿನ್ ಬದಿಗಿಟ್ಟು ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ರಾತ್ರಿ ಮೆಷಿನ್ ತೆಗೆಯಬೇಕೆನ್ನುವುದು ಕಿವಿಗೂ ಗಾಳಿ ಬೇಕೆಂಬ ಕಾರಣಕ್ಕೆ.

ಇಷ್ಟೆಲ್ಲ ಪಡಿಪಾಟಲು ನಮ್ಮ ಹವೆಯ ದೋಷವೆಂದು ಬೇಸರಿಸಬೇಕಾಗಿಲ್ಲ; ತೇವದ ಕಾಟ ಈ ಸಾಧನಕ್ಕೆ ಹಿಂದಿನಿಂದಲೂ ಇದ್ದದ್ದೇ. ಟ್ರಾನ್ಸಿಸ್ಟರ್ ಎಂಬುದು ಮೊದಮೊದಲು ಜನರ ಕೈಗೆ ಬಂದದ್ದೇ ಶ್ರವಣ ಸಾಧನದ ರೂಪದಲ್ಲಿ. 1952ರ ಡಿಸೆಂಬರಿನಲ್ಲಿ ಅಮೆರಿಕದ ಸೋನೊಟೋನ್ ಕಂಪನಿ ಬಿಡುಗಡೆ ಮಾಡಿದ 1010 ಎಂಬ ಮಾದರಿಯಲ್ಲಿ ಎರಡು ಪುಟ್ಟ ನಿರ್ವಾತ ಕೊಳವೆಗಳ ಜೊತೆ ಒಂದು ಟ್ರಾನ್ಸಿಸ್ಟರ್ ಇತ್ತು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡರಿಗಾಗಿ ದುಡಿದ ನೆನಪಿಗೆ ಬೆಲ್ ಕಂಪನಿ ಶ್ರವಣ ಸಾಧನ ತಯಾರಕರಿಂದ ಟ್ರಾನ್ಸಿಸ್ಟರಿನ ರಾಯಲ್ಟಿಯನ್ನೇ ತೆಗೆದುಕೊಳ್ಳಲಿಲ್ಲ. ಆ ಕಾಲದ ಟ್ರಾನ್ಸಿಸ್ಟರುಗಳು ಜರ್ಮೇನಿಯಮ್ಮಿನವು. ಅದರ ಆಕ್ಸೈಡ್ ನೀರಿನಲ್ಲಿ ಕರಗುವಂಥದ್ದು. ಹಾಗಾಗಿ ಅವುಗಳನ್ನು ತೇವದಿಂದ ಕಾಪಾಡಲು ಲೋಹದ ಕವಚದಲ್ಲಿ ಬಿಗಿಯಾಗಿ ಮುಚ್ಚುವ ವಿದ್ಯೆ ಬೆಳೆಯಬೇಕಾಯಿತು.

ಈಗಿನ ಮೆಷಿನ್ನುಗಳ ಮೈಗೆ ಕೆಸುವಿನೆಲೆಯ ಮೇಲಿನ ಹಾಗೆ ನೀರು ಉರುಳಿಹೋಗುವ ತೆಳು ಲೇಪವಿರುತ್ತದೆ. ಪೆಟ್ಟಿಗೆಯ ಮೇಲೆ ಐಪಿ68 ಎಂದು ಬರೆದಿರುತ್ತದೆ. ಮೊದಲ ಅಂಕಿ ಧೂಳಿನದ್ದು, 6 ಎಂದರೆ ಧೂಳು ಒಳಹೋಗದು. ಎರಡನೆಯದು ನೀರಿನದ್ದು, 8 ಎಂದರೆ ಮುಳುಗಿಸಿದರೂ ತಡೆಯುತ್ತದೆ. ಇದನ್ನು ನೋಡಿ ಅದರೊಂದಿಗೇ ಮೀಯಬಹುದು ಎಂದುಕೊಳ್ಳಬೇಡಿ. ಆ ಪರೀಕ್ಷೆ ನಡೆಯುವುದು ಹೊಸ ಸಾಧನದ ಮೇಲೆ, ಸಿಹಿನೀರಿನಲ್ಲಿ. ಕಾಪುವಿನ ಕಡಲ ನೀರು, ಸಾಬೂನಿನ ನೊರೆ, ಎರಡು ವರ್ಷದ ಬೆವರು, ಸವೆದ ರಬ್ಬರ್ ಇವುಗಳ ಬಗ್ಗೆ ಆ ಅಂಕಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಚಾರ್ಜ್ ಮಾಡುವ ಲಿಥಿಯಂ ಮೆಷಿನ್ನುಗಳಲ್ಲಿ ಸೆಲ್ಲಿನ ತಲೆನೋವಿಲ್ಲ, ನಡುಗುವ ಬೆರಳಿನವರಿಗೆ ದೊಡ್ಡ ಉಪಕಾರ. ಆದರೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಜುಲೈ ತಿಂಗಳಲ್ಲಿ ಒಂದು ಪವರ್ ಬ್ಯಾಂಕ್ ಮನೆಯಲ್ಲಿರಲೇಬೇಕು. ಒದ್ದೆ ಮೆಷಿನ್ನನ್ನು ಚಾರ್ಜರಿಗೆ ಇಡಬಾರದು. ಕಾರ್ಕಳದ ಆಚೆಯ ಒಳ ಊರುಗಳವರಿಗೆ ಇನ್ನೂ ಬಿಡಿ ಸೆಲ್ಲಿನದ್ದೇ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಈಗ ಆ ಎರಡು ನಿಮಿಷದ ವಿಚಾರ. ಕನ್ನಡಕಕ್ಕೆ ಕೊಳೆ ಹಿಡಿದರೆ ಹಾಕಿಕೊಂಡವರಿಗೇ ಕಾಣುತ್ತದೆ. ಮೆಷಿನ್ ಮಂದವಾದರೆ ಹಾಕಿಕೊಂಡವರಿಗೆ ತಿಳಿಯುವುದು ಕೊನೆಗೆ. ಸದ್ದು ದಿನಕ್ಕೆ ಇಷ್ಟಿಷ್ಟೇ ತಗ್ಗುತ್ತದೆ, ಅವರು “ನನ್ನ ಕಿವಿಯೇ ಇನ್ನೂ ಹಾಳಾಯಿತು” ಎಂದು ಸುಮ್ಮನಾಗುತ್ತಾರೆ. ಸೊಸೆ “ಮಾವನಿಗೆ ಮೆಷಿನ್ ಹಾಕಿದರೂ ಅಷ್ಟೇ” ಎನ್ನುತ್ತಾಳೆ. ಇಬ್ಬರದೂ ತಪ್ಪಲ್ಲ, ಮೆಷಿನ್ನನ್ನು ಕೇಳಿ ನೋಡಿದವರೇ ಇಲ್ಲ.

ಕೇಳಿ ನೋಡಲು ಸ್ಟೆಥೊಕ್ಲಿಪ್ ಎಂಬ ಸಾಮಾನು ಸಿಗುತ್ತದೆ, ಡಾಕ್ಟರ ಸ್ಟೆಥೊಸ್ಕೋಪಿನ ಬಡ ತಮ್ಮ. ಅದರ ತುದಿಗೆ ಮೆಷಿನ್ ಸಿಕ್ಕಿಸಿ, ಸದ್ದನ್ನು ಆದಷ್ಟು ತಗ್ಗಿಸಿ ಮನೆಯಲ್ಲಿ ಕಿವಿ ಚೆನ್ನಾಗಿರುವವರು ಕೇಳಬೇಕು. ಕೇಳುತ್ತ ಆರು ಧ್ವನಿಗಳನ್ನು ಹೇಳಬೇಕು: ಮ್, ಊ, ಆ, ಈ, ಶ್, ಸ್. ಕೆನಡಾದಲ್ಲಿ ಕಿವುಡು ಮಕ್ಕಳಿಗೆ ಮಾತು ಕಲಿಸುವ ಕೆಲಸಕ್ಕೆ ಹೆಸರಾದ ಡೇನಿಯಲ್ ಲಿಂಗ್ ಆಯ್ದ ಧ್ವನಿಗಳಿವು. ಮಾತಿನ ತಗ್ಗು ಆವರ್ತನದಿಂದ ಎತ್ತರದವರೆಗೆ ಇಡೀ ಹರವನ್ನು ಈ ಆರೇ ಧ್ವನಿಗಳು ಮುಟ್ಟುತ್ತವೆ. ಮ್ ಮತ್ತು ಊ ಕೆಲವು ನೂರು ಹರ್ಟ್ಸಿನ ಗುಂಯ್‌ಗುಡುವ ಭಾಗ. ಸ್ ಎಂಬುದರ ಶಕ್ತಿಯೆಲ್ಲ 4000 ಹರ್ಟ್ಸಿನಿಂದ ಮೇಲೆ. ತೇವ, ಗುಗ್ಗೆ ತುಂಬಿದ ಮೆಷಿನ್ನಿನಲ್ಲಿ ಅನೇಕ ಸಲ ಮೊದಲು ಸೊರಗುವುದು ಶ್, ಸ್. ಸದ್ದು ಬರುತ್ತದೆ, ಆದರೆ ಮಾತು ತಿಳಿಯದು. ಅಜ್ಜ ಊಟ ಬಡಿಸುವಾಗ, ಎದುರಿನವರು ‘ಸಾಕು’ ಎಂದದ್ದು ‘ಹಾಕು’ ಎಂದು ಕೇಳಿ ಎಲೆಗೆ ಇನ್ನೊಂದು ಸೌಟು ಅನ್ನ ಬೀಳುತ್ತದೆ. ಮನೆಯವರು ನಗುತ್ತಾರೆ. ನಗುವ ಬದಲು ಜಾಲರಿ ನೋಡಬೇಕಿತ್ತು.

ಆಮೇಲೆ ಮೆಷಿನ್ ಹಾಕಿಕೊಂಡವರ ಹಿಂದೆ ನಿಂತು, ತುಟಿ ಕಾಣದಂತೆ, ಅವೇ ಆರು ಧ್ವನಿಗಳನ್ನು ಸರದಿ ತಪ್ಪಿಸಿ ಹೇಳಿ. ಅವರು ತಿರುಗಿ ಹೇಳಲಿ. ಕಿವಿ ಪೂರ್ತಿ ಮಂದವಾದವರಿಗೆ ಸ್ ಎಂದೂ ಕೇಳದಿರಬಹುದು. ನಿನ್ನೆಯವರೆಗೆ ಕೇಳುತ್ತಿದ್ದುದು ಇವತ್ತು ಕೇಳದಿದ್ದರೆ ಮಾತ್ರ ತೊಂದರೆ ಮೆಷಿನ್ನಿನದ್ದೋ ಕಿವಿಯದ್ದೋ ಎಂದು ಹುಡುಕಬೇಕು. ಶಾಲೆಗೆ ಹೋಗುವ ಮಗುವಿನ ಮೆಷಿನ್ನಾದರೆ ಈ ಪರೀಕ್ಷೆ ದಿನಾ ಬೆಳಗ್ಗೆ ಆಗಲೇಬೇಕು, ಏಕೆಂದರೆ ಮಗು ‘ಕೇಳುತ್ತಿಲ್ಲ’ ಎಂದು ದೂರುವುದಿಲ್ಲ, ಪಾಠ ಬಿಟ್ಟು ಕಿಟಕಿಯಾಚೆ ನೋಡುತ್ತದೆ ಅಷ್ಟೇ.

ಹಣದ ಮಾತೂ ಇದೆ. ಕೇಂದ್ರ ಸರಕಾರದ ಎಡಿಐಪಿ ಯೋಜನೆಯಡಿ ಕಡಿಮೆ ಆದಾಯದವರಿಗೆ ಮೆಷಿನ್ ಉಚಿತವಾಗಿಯೋ ರಿಯಾಯಿತಿಯಲ್ಲೋ ಸಿಗುತ್ತದೆ. ಒಮ್ಮೆ ಪಡೆದ ದೊಡ್ಡವರು ಅದೇ ಸೌಲಭ್ಯವನ್ನು ಮತ್ತೆ ಕೇಳಲು ಮೂರು ವರ್ಷ ಕಾಯಬೇಕು. ಮೂರು ವರ್ಷವೆಂದರೆ ಕರಾವಳಿಯಲ್ಲಿ ಮೂರು ಮಳೆಗಾಲ. ಸ್ವಂತ ದುಡ್ಡಿನಲ್ಲಿ ಕೊಂಡವರಿಗೆ ಬೆಲೆಯ ಬಿಸಿ ಗೊತ್ತೇ ಇದೆ.

ಆದ್ದರಿಂದ ಒಂದು ವಿನಂತಿ. ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಮನೆಯ ಮೆಷಿನ್ನನ್ನು ಹತ್ತಿರದ ಆಡಿಯಾಲಜಿಸ್ಟರ ಬಳಿ ಕೊಂಡುಹೋಗಿ. ಟ್ಯೂಬ್ ಬದಲಿಸಿ, ಬ್ಯಾಟರಿ ಕಂಟ್ಯಾಕ್ಟ್ ಸ್ವಚ್ಛ ಮಾಡಿಸಿ, ಜಾಲರಿ ಹಾಕುವುದನ್ನು ಮನೆಯ ಕಿರಿಯರಲ್ಲಿ ಒಬ್ಬರು ಕಲಿತುಕೊಳ್ಳಲಿ. ಬರುವಾಗ ಕಿತ್ತಳೆ ಸಿಲಿಕಾ ಜೆಲ್, ಒಂದು ಸ್ಟೆಥೊಕ್ಲಿಪ್ ತನ್ನಿ. ಹಾಗೆಯೇ, ಹಾಳಾಯಿತೆಂದು ಡ್ರಾಯರಿಗೆ ಹಾಕಿಟ್ಟ ಹಳೆಯ ಮೆಷಿನ್ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ.